ಬೀಳಗಿಯ ಅಕ್ಕತಂಗಿಯರು

ನಮ್ಮ ಶಾಲೆಯ ಸ್ನೇಹಸಮ್ಮೇಳನದ ದಿವಸವು ಸಮೀಪಿಸಿತೆಂದರೆ, 'ಮಗಳು ಹಾಡಲಿ, ಆದರೆ ನಾಟಕದಲ್ಲಿ ನಿಲ್ಲುವುದು ಬೇಡ' ಎಂದು ಹೇಳಲು ಚಿಕ್ಕೋಡಿ, ನಿಪ್ಪಾಣಿಗಳ ಕಡೆಯಿಂದ ಕೆಲವು ಪಾಲಕರು ಬರುವುದುಂಟು. ಅವರ ಅಂಜಿಕೆಯನ್ನು ನಾವು ಹಾಸ್ಯ ಮಾಡುವುದಿಲ್ಲ. ಅದು ಎಲ್ಲಿಂದ ಬಂದಿತೆಂಬುದನ್ನು ಮಾತ್ರ ವಿಚಾರಿಸುವೆವು.

ಒಂದು ಕಾಲದಲ್ಲಿ ಕುಲೀನ ಸ್ತ್ರೀಯರು ರಂಗಭೂಮಿಯನ್ನು ಮೆಟ್ಟುತ್ತಿರಲಿಲ್ಲ. ಪುರುಷರೇ ಸೀರೆಯುಟ್ಟು ನಾಯಿಕೆಯರಾಗುತ್ತಿದ್ದರು. ಮರಾಠೀ ರಂಗಭೂಮಿಯ ಬಾಲಗಂಧರ್ವರ ಹೆಸರನ್ನು ನಮ್ಮ ಗಡಿಸೀಮೆಯಲ್ಲಿ ಕೇಳದವರಾರು? ಇತ್ತ ಹೀಗಿರಲು, ಅತ್ತ ಫ್ರಾನ್ಸಿನ ಸಾರಾ ಬರ್ನಾರ್ ಎಂಬ ನಟಿಯು 1899ರಲ್ಲಿ ಪುರುಷವೇಷವನ್ನು ತಾಳಿ ಹ್ಯಾಮ್ಲೆಟ್ ಆಗಿ ನಿಂತಳು! ಆಕೆಯು ಬಾಲ್ಯದಲ್ಲಿ ಕಾನ್ವೆಂಟಿನಲ್ಲಿ ಕಲಿತವಳು, ಸನ್ಯಾಸಿನಿಯಾಗಬೇಕೆಂದು ಬಯಸಿದವಳು ಎಂಬುದನ್ನು ಪಾಲಕರು ಗಮನಿಸಬೇಕು.

ನಮ್ಮ ಕಾಗವಾಡ, ರಾಯಬಾಗ, ಅಥಣಿಗಳ ನೆಲವನ್ನು ತೋಯಿಸಿದ ಕೃಷ್ಣೆಯು ಮುಂದೆ ಬೀಳಗಿಯ ಸೀಮೆಗೂ ಹೋಗುತ್ತಾಳೆ. ಆ ಬೀಳಗಿಯಿಂದ ಹೊರಟವರೇ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ. ನಾಟಕ ಮಂಡಳಿಗಳಲ್ಲಿ ಪಳಗಿ ಇಬ್ಬರೂ ಮುಂಬಯಿಯನ್ನು ಸೇರಿದರು. ಗೋಹರಬಾಯಿಯವರು ಬಾಲಗಂಧರ್ವರ ಮಂಡಳಿಯನ್ನು ಕೂಡಿಕೊಂಡು, ಅವರ ಗಾಯನದ ಧಾಟಿಯನ್ನೇ ತಮ್ಮದಾಗಿಸಿಕೊಂಡರು. 1951ರಲ್ಲಿ ಅವರನ್ನು ವರಿಸಿದರು. ಕನ್ನಡ ನಾಡಿನ ಮುಸಲ್ಮಾನ ಹೆಣ್ಣುಮಗಳು ಮರಾಠೀ ನಾಟ್ಯಸಂಗೀತವನ್ನು ಹಾಡಿ ಮೆಚ್ಚಿಸಿದ್ದು ಸಣ್ಣ ಮಾತಲ್ಲ. ಜನರ ಮೆಚ್ಚಿಕೆಯೊಡನೆ ಜನರ ನಿಂದೆಯನ್ನೂ ಆಕೆ ಸಾಕಷ್ಟು ಉಂಡರು.

ಅಮೀರಬಾಯಿಯವರು 1934ರ 'ವಿಷ್ಣುಭಕ್ತಿ' ಚಿತ್ರದಲ್ಲಿ ಕಾಣಿಸಿಕೊಂಡರು. ಮೊದಲು ನಟಿಸುವವರೇ ಹಾಡಬೇಕಾಗಿತ್ತು. ಬಳಿಕ ಒಬ್ಬರು ಹಾಡಿದ್ದಕ್ಕೆ ಮತ್ತೊಬ್ಬರು ತುಟಿಯಾಡಿಸುವ ಪದ್ಧತಿಯು ಬಂದಿತು. 1943ರ 'ಕಿಸ್ಮತ್' ಚಿತ್ರದಲ್ಲಿ ಪರದೆಯ ಮೇಲೆ ಮುಮ್ತಾಜ್ ಶಾಂತಿಯವರ ಮುಖ, ಕಿವಿಗೆ ಅಮೀರಬಾಯಿಯವರ ಕಂಠ. ಸಂಗೀತವು ಅನಿಲ್ ಬಿಸ್ವಾಸರದು. ಆ ಚಿತ್ರವು ಕಲಕತ್ತೆಯ ಒಂದೇ ಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಮರುವರ್ಷದ 'ರತನ್' ಚಿತ್ರದಲ್ಲಿ ನೌಷಾದರು ಅವರಿಂದ ಹಾಡಿಸಿದರು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತವನ್ನು ಕೊಟ್ಟರು. ಸ್ತ್ರೀಯೊಬ್ಬಳಿಗೆ ಆ ಕೆಲಸವನ್ನು ಒಪ್ಪಿಸುವವರು ಅಂದು ಎಷ್ಟು ಮಂದಿ ಇದ್ದರು? 'ಕನ್ನಡ ಕೋಗಿಲೆ'ಯೆಂಬ ಹೆಸರು ಅವರಿಗೆ ನಿಂತಿತು.

ಇಲ್ಲೊಂದು ವಿಚಿತ್ರವುಂಟು. ಸಾರಾ ಬರ್ನಾರಳ ಖ್ಯಾತಿಯೆಲ್ಲ ಆಕೆಯ ಕಂಠದಲ್ಲಿತ್ತು. ಆದರೆ 1912ರ 'ರಾಣಿ ಎಲಿಜಬೆತ್' ಮೂಕಚಿತ್ರವಾದುದರಿಂದ ಅದರಲ್ಲಿ ಉಳಿದದ್ದು ಅಭಿನಯ ಮಾತ್ರ. ಅಮೀರಬಾಯಿಯವರದು ಇದರ ತಿರುವು: ಮುಖವನ್ನು ಮರೆತವರೂ ಧ್ವನಿಯನ್ನು ಮರೆಯಲಿಲ್ಲ.

ಕೀರ್ತಿಯಿಂದ ಮನೆಯ ಸುಖವು ಬರಲಿಲ್ಲ. ಚಿತ್ರನಟರೊಬ್ಬರೊಡನೆ ಆದ ಮೊದಲ ವಿವಾಹದಲ್ಲಿ ಅವರು ಬಹಳ ಸಂಕಟಪಟ್ಟರು. ಇದನ್ನು ಪಾಲಕರಿಂದ ಬಚ್ಚಿಡುವುದು ನಮಗೆ ಸಲ್ಲದು. ಆದರೆ ಆ ಸಂಕಟಕ್ಕೆ ಸಂಗೀತವೇ ಕಾರಣವೆನ್ನುವುದನ್ನು ನಾವು ಒಪ್ಪೆವು. ಹಾಡಲರಿಯದ ಎಷ್ಟೋ ಹೆಣ್ಣುಮಕ್ಕಳೂ ಅದೇ ದುಃಖವನ್ನು ಅನುಭವಿಸಿದ್ದಾರೆ. ಅಮೀರಬಾಯಿಯವರಿಗಾದರೋ ಅದರಿಂದ ಹೊರಬಂದ ಮೇಲೆ ಬದುಕಲು ಸ್ವಂತದ ಗಳಿಕೆಯಿತ್ತು. ಅವರು ವಿಜಾಪುರದಲ್ಲಿ ತಮ್ಮ ಹೆಸರಿನ ಟಾಕೀಜನ್ನೂ ಕಟ್ಟಿಸಿದರು.

ಗೋಹರಬಾಯಿಯವರು 1964ರಲ್ಲಿ ತೀರಿಕೊಂಡರು, ಅಮೀರಬಾಯಿಯವರು 1965ರಲ್ಲಿ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿರುವರು. ಆ ಗ್ರಂಥವನ್ನು ಶಾಲೆಯ ಪುಸ್ತಕಾಲಯಕ್ಕೆ ತರಿಸಿದ್ದೇವೆ. ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಶನಿವಾರ ಮಧ್ಯಾಹ್ನ ಬಂದು ಓದಬಹುದು.