ನಲವತ್ತೈದರ ಎರಡು ವೇಷ



ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಗುಲಗಂಜಿಯಿಂದ ತೂಗುತ್ತಿದ್ದರು. ಗುಲಗಂಜಿಯ ತೂಕವೇ ಸಂದೇಹಕ್ಕೆ ಬಿದ್ದರೆ ಚಿನ್ನದ ಗತಿಯೇನು? ನಾನಿಂದು ಹೇಳಹೊರಟಿರುವುದು ಅಂಥದೇ ಒಂದು ಪೇಚನ್ನು.

ಇಂಗಾಲದ ಡೈಆಕ್ಸೈಡಿನ ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಆಮ್ಲಜನಕದವು ಎರಡು. ಇಂಗಾಲದಲ್ಲಿ ಬಹುಪಾಲು 12ರ ತೂಕದ ಪರಮಾಣುಗಳು, ನೂರಕ್ಕೆ ಒಂದರಷ್ಟು 13ರವು. ಆಮ್ಲಜನಕದಲ್ಲಿ 16, 17, 18 ಎಂದು ಮೂರು ಬಗೆ. ಇವನ್ನು ಸಮಸ್ಥಾನಿಗಳೆನ್ನುತ್ತಾರೆ. ಮಾಸ್ ಸ್ಪೆಕ್ಟ್ರೊಮೀಟರು ಅಣುಗಳಿಗೆ ವಿದ್ಯುದಂಶ ಕೊಟ್ಟು, ಕಾಂತಕ್ಷೇತ್ರದಲ್ಲಿ ಬಾಗಿಸಿ, 44, 45, 46 ಎಂದು ಮೂರು ಧಾರೆಗಳಾಗಿ ಬೇರ್ಪಡಿಸುತ್ತದೆ.

ತೊಡಕಿರುವುದು 45ರಲ್ಲಿ. 13ರ ಇಂಗಾಲದೊಡನೆ ಎರಡು 16 ಕೂಡಿದರೂ 45. 12ರ ಇಂಗಾಲದೊಡನೆ ಒಂದು 16, ಒಂದು 17 ಕೂಡಿದರೂ 45. ಸಾಮಾನ್ಯ ಯಂತ್ರಕ್ಕೆ ಈ ಭೇದ ಕಾಣದು. ಆ ಧಾರೆಯಲ್ಲಿ ನೂರಕ್ಕೆ ಆರೂವರೆಯಷ್ಟು 17ರ ಪಾಲು. ಯಂತ್ರ ಕೊಡುವುದು ಎರಡು ನಿಷ್ಪತ್ತಿಗಳನ್ನು; ನಮಗೆ ಬೇಕಾದವು ಮೂರು. 1957ರಲ್ಲಿ ಹಾರ್ಮನ್ ಕ್ರೇಗ್ ಅವರು ಒಂದು ದಾರಿ ತೋರಿದರು. 18 ಎಷ್ಟು ಏರಿಳಿದರೆ 17 ಹೆಚ್ಚುಕಡಿಮೆ ಅದರ ಅರ್ಧ ಏರಿಳಿಯುತ್ತದೆಂದು ಹಿಡಿದು, 17ರ ಪಾಲನ್ನು ಲೆಕ್ಕದಿಂದ ಕಳೆಯುವುದು.

ಆದರೆ ಎಲ್ಲಿಂದ ಏರಿಳಿತ? ಆಧಾರವಸ್ತುವಿನಲ್ಲಿಯೇ 17 ಎಷ್ಟಿದೆ ಎಂಬುದು ಮೊದಲು ತಿಳಿಯಬೇಕು. ಆ ಆಧಾರ ಮೊದಲಿಗೆ ಅಮೆರಿಕದ ದಕ್ಷಿಣ ಕೆರೊಲಿನದ ಬೆಲೆಮ್ನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಅಳೆದಳೆದು ಅದು ಮುಗಿದೇ ಹೋಯಿತು! ಅದರ ಹೆಸರಿನ ಮಾನವನ್ನು ಬಳಿಕ ಅಮೃತಶಿಲೆಯ ಪುಡಿಯೊಂದು ಹೊತ್ತಿತು. ಅದೂ ಮುಗಿದು ಇನ್ನೊಂದು ಬಂದಿದೆ. ಆಮ್ಲಜನಕದ ನಿಷ್ಪತ್ತಿಗಳಿಗೆ ಬುನಾದಿ ಮಾತ್ರ ವಿಯೆನ್ನದಿಂದ ವಿತರಣೆಯಾಗುತ್ತಿದ್ದ ಸಾಗರಜಲದ ಮಾನಕ. ಅದರಲ್ಲಿ 16ರ ಹತ್ತು ಲಕ್ಷ ಪರಮಾಣುಗಳಿಗೆ 18ರವು 2005.2 ಎಂದು ಬೇರ್ಟ್‌ಶಿ ಅವರು 1976ರಲ್ಲಿ ಅಳೆದರು. 17 ತೀರ ವಿರಳ. ಅದರ ಲೆಕ್ಕ 379.9 ಎಂದು ಚೀನದ ಲೀ ಮತ್ತು ಸಂಗಡಿಗರು ಪ್ರಕಟಿಸಿದ್ದು 1988ರಲ್ಲಿ. ಅರ್ಧವೆಂದಿದ್ದ ಅಂಕೆಯೂ ತಿದ್ದುಪಡಿಗೊಂಡು, 2010ರ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ 0.528 ಆಯಿತು.

ದಶಾಂಶಗಳ ಮೇಲೆ ಇಷ್ಟು ಜಗಳವೇಕೆಂದು ನಾನೂ ಒಮ್ಮೆ ಬೇಸರಪಟ್ಟವನೇ. ಗಿಡಗಳು 12ರ ಇಂಗಾಲವನ್ನೇ ಹೆಚ್ಚು ಒಲಿಯುತ್ತವೆ. ಆದ್ದರಿಂದ ಕಲ್ಲಿದ್ದಲು, ತೈಲಗಳಲ್ಲಿ 13 ಕಡಮೆ. ನಾವು ಅವನ್ನು ಉರಿಸಿದಂತೆಲ್ಲ ಗಾಳಿಯ 13ರ ನಿಷ್ಪತ್ತಿ ಇಳಿಯುತ್ತದೆ: ವರ್ಷಕ್ಕೆ ಸಾವಿರದಲ್ಲಿ 0.02ರಿಂದ 0.03ರಷ್ಟು. 17ರ ಅಂಕೆಯನ್ನು ಒಬ್ಬರು ಒಂದು ಬಗೆಯಲ್ಲಿ, ಮತ್ತೊಬ್ಬರು ಇನ್ನೊಂದು ಬಗೆಯಲ್ಲಿ ಹಿಡಿದರೆ ಉತ್ತರಗಳು ಇಷ್ಟೇ ದೂರ ಸರಿದಾವು. ಆಗ ಗಾಳಿ ಬದಲಾಯಿತೋ, ಲೆಕ್ಕ ಬದಲಾಯಿತೋ, ಹೇಳುವವರಾರು?

ಸ್ತರಗೋಳದಿಂದ ಇಳಿದ ಗಾಳಿಯಲ್ಲಂತೂ ಅರ್ಧದ ನಿಯಮವೇ ನಡೆಯದು. ಅಲ್ಲಿ ಓಜೋನಿನ ಸಹವಾಸದಿಂದ 17 ಮಿತಿಮೀರಿರುತ್ತದೆ. ಅಂಥ ಮಾದರಿ ಕೈಗೆ ಬಂದಾಗ ಇಂಗಾಲವನ್ನು ಬಿಡಿಸಿ, ಆಮ್ಲಜನಕವನ್ನಷ್ಟೆ ಯಂತ್ರಕ್ಕೊಡ್ಡಿ, 33ರ ಧಾರೆಯಲ್ಲಿ 17ನ್ನು ನೇರವಾಗಿಯೇ ಎಣಿಸಬೇಕಾಗುತ್ತದೆ.