ಕರಿಕಲ್ಲು ಮತ್ತು ಚಿನ್ನ: ವರ್ತಕರು ಅರಿತಿರಬೇಕಾದ ಸಂಗತಿ

ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗಗಳಲ್ಲಿ ಬಾವಿ ತೋಡುವಾಗ, ಕಲ್ಲು ಒಡೆಯುವಾಗ ಕರಿಕಲ್ಲಿನ ಪೊಳ್ಳುಗಳಲ್ಲಿ ಹೊಳೆಯುವ ಹರಳುಗಳು ದೊರೆಯುವುದುಂಟು. ಇಂತಹ ಹೊಳಪನ್ನು ನಂಬಿ ಹಣ ಹೂಡುವ ಮುನ್ನ ಈ ನೆಲದ ಶಿಲೆಯ ಸ್ವರೂಪವನ್ನು ಅರಿಯುವುದು ಲೇಸು.

ಗೋಲಗುಮ್ಮಟಕ್ಕೆ ಬಳಸಿದ ಈ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಉಂಟಾದುದು. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನವೂ ಜ್ವಾಲಾಮುಖಿ ಮೂಲದ ಶಿಲೆಯಲ್ಲಿಯೇ ಇದೆ. ಆದರೆ ಆ ಶಿಲೆಯು 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಭೂಗರ್ಭದ ಒತ್ತಡಕ್ಕೆ ಸಿಲುಕಿ ಅದು ಮಡಿಕೆಗೊಂಡು ಸೀಳಿತು. ಸೀಳುಗಳಲ್ಲಿ ಬಿಸಿ ದ್ರಾವಣ ಹರಿಯಿತು. ಆ ದ್ರಾವಣದಲ್ಲಿ ಚಿನ್ನವು ಗಂಧಕದೊಡನೆ ಬೆರೆತು ಕರಗಿತ್ತು. ಗಂಧಕವು ಶಿಲೆಯಲ್ಲಿದ್ದ ಕಬ್ಬಿಣವನ್ನು ಕೂಡಿ ಪೈರೈಟ್ ಆಗಲು, ಚಿನ್ನವು ಬೇರ್ಪಟ್ಟು ಅಲ್ಲಿಯೇ ನೆಲೆಗೊಂಡಿತು. ಆದ್ದರಿಂದಲೇ ಹಟ್ಟಿಯಲ್ಲಿ ಬೆಣಚುಕಲ್ಲಿನ ಎಳೆಗಳೂ ಗಂಧಕದ ಅದಿರುಗಳೂ ಚಿನ್ನದ ಒಡನಾಡಿಗಳು.

ವಿಜಯಪುರದ ಲಾವಾ ಪದರಗಳಾದರೋ ಬಹುಮಟ್ಟಿಗೆ ಮಟ್ಟಸವಾಗಿಯೇ ಉಳಿದಿವೆ. ಅವುಗಳ ಪೊಳ್ಳುಗಳಲ್ಲಿ ತುಂಬಿರುವುದು ಸಾಮಾನ್ಯವಾಗಿ ಬೆಣಚು, ಜಿಯೋಲೈಟ್ ಹಾಗೂ ಕ್ಯಾಲ್ಸೈಟ್ ಹರಳುಗಳು. ಗಣಿಗಾರಿಕೆಗೆ ಯೋಗ್ಯವಾದ ಚಿನ್ನದ ನಿಕ್ಷೇಪ ಈ ಪದರಗಳಲ್ಲಿ ದಾಖಲಾಗಿಲ್ಲ.

ಹಳದಿ ಹೊಳಪಿನ ಪೈರೈಟನ್ನೇ ಚಿನ್ನವೆಂದು ಭ್ರಮಿಸುವವರುಂಟು. ಸುತ್ತಿಗೆಯ ಏಟಿಗೆ ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗಡಾಗುತ್ತದೆ. ಪಿಂಗಾಣಿ ಟೈಲ್‌ನ ಒರಟು ಹಿಂಬದಿಗೆ ಉಜ್ಜಿದರೆ ಪೈರೈಟ್ ಕಪ್ಪು ಗೆರೆಯನ್ನೂ ಚಿನ್ನ ಹಳದಿ ಗೆರೆಯನ್ನೂ ಬಿಡುತ್ತದೆ. ಅದಿರಿನಲ್ಲಿರುವ ಚಿನ್ನ ಬಹುವೇಳೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಆದಕಾರಣ ಅಂತಿಮ ನಿರ್ಣಯ ಪ್ರಯೋಗಾಲಯದ್ದು. ಒಂದು ಟನ್ ಅದಿರಿನಲ್ಲಿ 4 ಗ್ರಾಂ ಚಿನ್ನವಿದೆಯೆಂದು ಲೆಕ್ಕ ಹಿಡಿದರೂ, ಒಂದು ತೊಲೆಗಾಗಿ ಸುಮಾರು 3 ಟನ್ ಕಲ್ಲನ್ನು ತೆಗೆದು, ಅರೆದು, ಸಂಸ್ಕರಿಸಬೇಕಾಗುತ್ತದೆ. ಇದು ಸಣ್ಣ ಬಂಡವಾಳದ ಕೆಲಸವಲ್ಲ.

ಕಾನೂನಿನ ತೊಡಕೂ ಇದೆ. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ ಪ್ರಕಾರ, ಸ್ವಂತ ಜಮೀನಿನಲ್ಲಾದರೂ ಪರವಾನಗಿಯಿಲ್ಲದೆ ಚಿನ್ನಕ್ಕಾಗಿ ಶೋಧನೆ, ಗಣಿಗಾರಿಕೆ ನಡೆಸುವಂತಿಲ್ಲ. ತಪ್ಪಿದಲ್ಲಿ 5 ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಖನಿಜದ ವ್ಯವಹಾರದಲ್ಲಿ ಪಾಲುಗಾರಿಕೆಯ ಪ್ರಸ್ತಾಪ ಬಂದಾಗ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ಶಿಲೆ ಯಾವುದು, ಪರವಾನಗಿ ಯಾರ ಹೆಸರಿನಲ್ಲಿದೆ, ಪರೀಕ್ಷೆಗೆ ಹೋದ ಮಾದರಿಯನ್ನು ತೆಗೆದವರು ಯಾರು. ಮಾರುವವರು ತಂದುಕೊಟ್ಟ ಮಾದರಿಯ ವರದಿ ಸಾಲದು. ಸ್ಥಳದಿಂದ ತಾವೇ ತೆಗೆಸಿದ ಮಾದರಿಯ ವರದಿ ಬೇಕು. ಈ ಭಾಗದ ಕರಿಕಲ್ಲಿಗೆ ಖಡಿಯಾಗಿ, ಕಟ್ಟಡದ ಕಲ್ಲಾಗಿ ಬೆಲೆಯಿದೆ. ಅದನ್ನು ತೆಗೆಯಲು ಸಹ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಅಗತ್ಯ.