ಮೂಗಿನ ಮೇಲೆ ಬೆರಳು, ಬಾಯಲ್ಲಿ ಬೆರಳು: ಆಫೀಸಿನ ಇಂಗ್ಲಿಷ್ ಬಿಡಿಸಿಕೊಳ್ಳುವ ಬಗೆ

ಆಶ್ಚರ್ಯವಾದಾಗ ಕನ್ನಡದವರು ಮೂಗಿನ ಮೇಲೆ ಬೆರಳಿಡುತ್ತಾರೆ; ಮರಾಠಿಯವರು ‘ತೋಂಡಾತ್ ಬೋಟ್’ ಹಾಕುತ್ತಾರೆ, ಅಂದರೆ ಬಾಯಲ್ಲಿ ಬೆರಳು. ನಿಜವಾಗಿ ಬೆರಳು ಎಲ್ಲಿಯೂ ಹೋಗುವುದಿಲ್ಲ. ಉದಗೀರ, ನಿಲಂಗಾ, ಉಮರ್ಗಾ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುತ್ತ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವಾಗ ಕನ್ನಡದಲ್ಲಿ ‘ಬರ್ತೀನ್ರೀ’, ಮರಾಠಿಯಲ್ಲಿ ‘ಯೇತೋ’ ಎಂದರೆ ಹೋಗುತ್ತಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಹಾಗೆ ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲಿ ಹಳೆಯ ಉದಾಹರಣೆಯಿದೆ. ಸಂತ ತುಕಾರಾಮರ ಒಂದು ಅಭಂಗದಲ್ಲಿ ಹೆಂಡತಿ ಕನ್ನಡದವಳು, ಗಂಡ ಮರಾಠಿಯವನು. ಆಕೆ ತನ್ನ ಭಾಷೆಯಲ್ಲಿ ಕರೆದರೆ ಆತ ಅರ್ಥವಾಗದೆ ಓಡಿಹೋಗುತ್ತಾನೆ. ಪುಣೆಗೋ ಹೈದರಾಬಾದಿಗೋ ನೌಕರಿಗೆ ಹೋದ ನಮ್ಮ ಹುಡುಗ ಹುಡುಗಿಯರ ಪಾಡು ಮೊದಲ ಮೀಟಿಂಗಿನಲ್ಲಿ ಹೆಚ್ಚುಕಡಿಮೆ ಇದೇ. ಇಂಗ್ಲಿಷನ್ನು ಪಾಠಪುಸ್ತಕದಿಂದ ಕಲಿತ ಕಾರಣ ಪದಕ್ಕೊಂದು ಅರ್ಥ ಹುಡುಕುತ್ತಾರೆ. ಆದರೆ ಎರಡು ಭಾಷೆಗಳ ನಡುವೆ ಬೆಳೆದವರು ಅಲ್ಲಿಯೂ ಮನೆಯ ಜಾಣ್ಮೆಯನ್ನೇ ಬಳಸಬಹುದು.

ಮಾತು ಎಲ್ಲಿಂದ ಬಂತು?

ಪದಗಳ ಅರ್ಥ ಸಂದರ್ಭಕ್ಕೆ ಹೊಂದದಿದ್ದರೆ ಅದು ನುಡಿಗಟ್ಟು ಎಂದು ಶಂಕಿಸಿ. ಆಫೀಸಿನ ನುಡಿಗಟ್ಟುಗಳಲ್ಲಿ ಬಹಳಷ್ಟು ಆಟದ ಮೈದಾನದಿಂದ ಇಲ್ಲವೇ ಹಡಗಿನಿಂದ ಬಂದವು. ‘ಬಾಲ್ ಈಸ್ ಇನ್ ಯುವರ್ ಕೋರ್ಟ್’ ಟೆನಿಸ್ಸಿನದು: ಮುಂದಿನ ಹೆಜ್ಜೆ ನೀವೇ ಇಡಬೇಕು. ‘ಬಾಲ್‌ಪಾರ್ಕ್ ಫಿಗರ್’ ಅಮೆರಿಕದ ಬೇಸ್‌ಬಾಲಿನದು: ಅಂದಾಜು ಲೆಕ್ಕ ಸಾಕು, ಪೈಸೆ ಪೈಸೆ ಎಣಿಸುತ್ತ ಕೂರಬೇಡಿ. ‘ಆಲ್ ಹ್ಯಾಂಡ್ಸ್’ ಸಭೆಯಲ್ಲಿ ಯಾರೂ ಕೈ ಎತ್ತಬೇಕಿಲ್ಲ. ಹಡಗಿನಲ್ಲಿ ‘ಹ್ಯಾಂಡ್’ ಎಂದರೆ ಆಳು, ಆದ್ದರಿಂದ ಅದು ಎಲ್ಲ ನೌಕರರೂ ಬರಬೇಕಾದ ಸಭೆ. ಹೊಸಬರು ‘ರೋಪ್ಸ್’ ಕಲಿಯುವುದೂ ಹಾಯಿಹಡಗಿನ ಹಗ್ಗಗಳಿಂದಲೇ ಬಂದದ್ದು. ಕೆಲಸದ ಒಳಹೊರಗು ತಿಳಿದುಕೊಳ್ಳುವುದು ಎಂದರ್ಥ.

ಮೂಲ ಗೊತ್ತಾದರೆ ಮಾತು ನೆನಪಿನಲ್ಲಿ ಉಳಿಯುತ್ತದೆ. ಆದರೆ ಮೂಲವೇ ಇಂದಿನ ಅರ್ಥವಲ್ಲ. ‘ಡೆಡ್‌ಲೈನ್’ ಅಮೆರಿಕದ ಅಂತರ್ಯುದ್ಧ ಕಾಲದ ಪದ. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಆ ಹೆಸರಿನ ಒಂದು ಗೆರೆಯಿತ್ತು. ದಾಟಿದ ಕೈದಿಗೆ ಗುಂಡು. ಇಂದು ಅದು ಕೆಲಸ ಮುಗಿಸಬೇಕಾದ ಗಡುವು, ಅಷ್ಟೇ.

ನಾನೀಗ ಏನು ಮಾಡಬೇಕು?

ಮೂಲ ತಿಳಿಯದಿದ್ದರೂ ಅಡ್ಡಿಯಿಲ್ಲ. ಈ ಮಾತು ಕೇಳಿದ ಮೇಲೆ ನನ್ನ ಪಾಲಿಗೆ ಬಂದ ಕೆಲಸವೇನು ಎಂದು ನೋಡಿ. ‘ಲೂಪ್ ಇನ್ ಅಕೌಂಟ್ಸ್’ ಎಂದರೆ ಮೇಲ್‌ನಲ್ಲಿ ಅಕೌಂಟ್ಸ್ ವಿಭಾಗದವರನ್ನೂ ಸೇರಿಸಬೇಕು. ‘ಟೇಕ್ ಇಟ್ ಆಫ್‌ಲೈನ್’ ಎಂದಾಗ ಇಂಟರ್ನೆಟ್ ಬಂದ್ ಮಾಡಬೇಡಿ; ಆ ವಿಷಯ ಇಲ್ಲಿ ಬೇಡ, ಆಮೇಲೆ ಬೇರೆ ಮಾತಾಡೋಣ ಎಂದರ್ಥ. ‘ಬ್ಯಾಂಡ್‌ವಿಡ್ತ್ ಇದೆಯಾ’ ಎಂದು ಕೇಳಿದರೆ, ಕೈಯಲ್ಲಿರುವ ಕೆಲಸದ ಜೊತೆ ಇನ್ನೊಂದನ್ನು ಹೊರಲು ಸಮಯವಿದೆಯೇ ಎಂದು ಯೋಚಿಸಿ ಉತ್ತರಿಸಿ. ಸಾಫ್ಟ್‌ವೇರ್ ಕಂಪನಿಯಲ್ಲಿ ‘ಬೆಂಚ್ ಮೇಲೆ’ ಇರುವವರು ಹೊಸ ಪ್ರಾಜೆಕ್ಟಿಗಾಗಿ ಕಾಯುತ್ತಿರುವ ನೌಕರರು.

ಹುಕುಮಿನಂತೆ ಕೇಳಿಸದ ಹುಕುಮುಗಳೂ ಇವೆ. ಮ್ಯಾನೇಜರ್ ‘ಇದನ್ನು ಸೋಮವಾರದೊಳಗೆ ಕೊಟ್ಟರೆ ಗ್ರೇಟ್’ ಎಂದರೆ ಅದು ಬರಿಯ ಆಸೆಯಲ್ಲ, ಕೊಡಲೇಬೇಕು. ಸಾಲ ಕೇಳಿದಾಗ ‘ನೋಡೋಣ ಬಿಡ್ರಿ’ ಎಂದವರು ಕೊಡುವುದಿಲ್ಲ ಎಂದು ನಾವು ತಿಳಿದುಕೊಳ್ಳುವುದಿಲ್ಲವೇ? ಅದೇ ಕಿವಿ ಇಲ್ಲಿಯೂ ಬೇಕು.

ದೇಶ ಬದಲಾದರೆ

ಇಂಗ್ಲಿಷಿನವರೊಳಗೇ ಗೊಂದಲವಿದೆ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಇಡುವುದು, ಅಮೆರಿಕದಲ್ಲಿ ಪಕ್ಕಕ್ಕೆ ಇಡುವುದು. ಎರಡನೆಯ ಮಹಾಯುದ್ಧದಲ್ಲಿ ಈ ಒಂದು ಪದಕ್ಕಾಗಿ ಎರಡೂ ದೇಶಗಳ ಸೇನಾಧಿಕಾರಿಗಳು ದೀರ್ಘ ವಾದ ಮಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ.

ನಮ್ಮ ಇಂಗ್ಲಿಷಿಗೂ ಅದರದೇ ಗಡಿಯಿದೆ. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಪುಣೆಯಲ್ಲಿ ಎಲ್ಲರಿಗೂ ಗೊತ್ತು, ಅಮೆರಿಕದ ಗ್ರಾಹಕರಿಗೆ ಗೊತ್ತಾಗದಿರಬಹುದು. ಉತ್ತರಿಸುತ್ತೇನೆ ಎನ್ನಲು ನಾವು ಬರೆಯುವ ‘ರಿವರ್ಟ್’ ಪದ ಅವರಿಗೆ ಹಳೆಯ ಸ್ಥಿತಿಗೆ ಮರಳುವುದು. ಅಂಥವರಿಗೆ ಬರೆಯುವಾಗ ‘ರಿಪ್ಲೈ’ ಎಂದರೆ ಸಾಕು. ನೀವಾಗಿ ಬರೆಯುವಾಗ ನುಡಿಗಟ್ಟು ತುರುಕುವ ಅಗತ್ಯವೂ ಇಲ್ಲ; ಅರ್ಥವಾದರೆ ಸಾಕು, ಬಳಕೆ ತಾನಾಗಿ ಬರುತ್ತದೆ.

ಸಂಶಯ ಉಳಿದರೆ

‘ಅರ್ಥವಾಗಲಿಲ್ಲ’ ಎನ್ನಲು ಮುಜುಗರವಾದರೆ, ನಿಮಗೆ ತಿಳಿದದ್ದನ್ನೇ ಕೆಲಸದ ರೂಪದಲ್ಲಿ ತಿರುಗಿ ಹೇಳಿ: ‘ಅಂದರೆ ನಾನು ಇವತ್ತು ಅಂದಾಜು ಖರ್ಚು ಕಳಿಸಬೇಕು, ಪೂರ್ತಿ ಲೆಕ್ಕ ಶುಕ್ರವಾರ, ಹೌದಾ?’ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಸಂಶಯ ಹುಟ್ಟಿಸಿದ ನುಡಿಗಟ್ಟನ್ನು ಅದು ಬಂದ ಇಡೀ ವಾಕ್ಯದೊಂದಿಗೆ ಬರೆದಿಡಿ, ಎದುರಿಗೆ ಅದೇ ಸಂದರ್ಭದಲ್ಲಿ ನೀವು ಕನ್ನಡದಲ್ಲೋ ಮರಾಠಿಯಲ್ಲೋ ಏನನ್ನುತ್ತಿದ್ದಿರಿ ಎಂಬುದನ್ನೂ ಬರೆಯಿರಿ. ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಬಂದಾಗ ಆ ಅರ್ಥ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಹೊಂದದಿದ್ದರೆ ತಿದ್ದಿಕೊಳ್ಳಿ.